ಶರೀಫರ ಪದವೂ ರಾಕ್ ಮೇಳವೂ

ಕನ್ನಡ ಬಾರದ ಕಿವಿಗಳಿಗೆ ಕನ್ನಡದ ಹಾಡು ಮುಟ್ಟುವುದು ಪುಣೆಯಲ್ಲಿ ಹೊಸ ಸಂಗತಿಯಲ್ಲ. ಕುಂದಗೋಳದ ರಾಮಭಾವು, ಎಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡರು. ಮರುವರ್ಷವೇ ಅವರ ಸ್ಮರಣೆಗಾಗಿ ಈ ನಗರದಲ್ಲಿ ಸಂಗೀತೋತ್ಸವ ಆರಂಭವಾಯಿತು. ಗದಗಿನಿಂದ ಬಂದು ಇಲ್ಲಿಯವರೇ ಆಗಿ ಬಾಳಿದ ಭೀಮಸೇನ ಜೋಶಿಯವರು ಅದನ್ನು ದಶಕಗಳ ಕಾಲ ನಡೆಸಿಕೊಂಡು ಬಂದರು. ಖಯಾಲಿನ ಜೊತೆಗೆ ಅವರು ಮರಾಠಿ ಅಭಂಗಗಳನ್ನೂ ಹಾಡಿದರು, ಕನ್ನಡ ದಾಸರ ಪದಗಳನ್ನೂ ಹಾಡಿದರು. ಪುರಂದರದಾಸರ ಲಕ್ಷ್ಮಿ ಭೀಮಸೇನರ ಕಂಠದಲ್ಲಿ ಹೆಜ್ಜೆಯಿಟ್ಟು ಬಂದಾಗ ಮರಾಠಿ ರಸಿಕರು ತಲೆದೂಗಿದರೆಂಬುದು ಸರಿ. ಆ ತಲೆದೂಗುವಿಕೆ ಪದದ ಅರ್ಥಕ್ಕೆ ಎಷ್ಟು, ಸ್ವರಕ್ಕೆ ಎಷ್ಟು ಸಂದಿತೆಂಬ ಲೆಕ್ಕವನ್ನು ಮಾತ್ರ ಯಾರೂ ತೆಗೆಯಲಿಲ್ಲ. ಶಾಸ್ತ್ರೀಯ ಸಂಗೀತದಲ್ಲಿ ಆ ಲೆಕ್ಕ ತೆಗೆಯುವ ರೂಢಿ ಇಲ್ಲ. ರಾಗವು ಅಲ್ಲಿ ಪದಕ್ಕೆ ಸದಾ ಜಾಮೀನು ನಿಂತಿರುತ್ತದೆ.

2010ರಲ್ಲಿ ಇದೇ ಪುಣೆಯಲ್ಲಿ ಎನ್‌ಎಚ್7 ವೀಕೆಂಡರ್ ಎಂಬ ಇನ್ನೊಂದು ಸಂಗೀತೋತ್ಸವ ತಲೆಯೆತ್ತಿತು. ಚಾಪೆ, ತಂಬೂರಿ, ತಬಲಗಳ ಮಾತು ಅಲ್ಲಿಲ್ಲ. ವಿದ್ಯುತ್ ಗಿಟಾರ್, ಡ್ರಮ್ಸ್, ಬಯಲು, ನಿಂತು ಕುಣಿಯುವ ತರುಣ ಜನ, ಇವು ಅಲ್ಲಿಯ ಸಾಮಗ್ರಿ. ಈ ಉತ್ಸವದ ವೇದಿಕೆಯಲ್ಲಿ ಮೈಸೂರು ಮೂಲದ ರಘು ದೀಕ್ಷಿತ್ ಮತ್ತು ಅವರ ಮೇಳದವರೂ ಹಾಡಿದ್ದಾರೆ. ಆ ಮೇಳ ದೇಶದಲ್ಲೆಲ್ಲ ಹೊತ್ತು ತಿರುಗಿದ ಹಾಡುಗಳಲ್ಲಿ ಮುಖ್ಯವಾದವು ಕೆಲವು ಶಿಶುನಾಳ ಶರೀಫರ ತತ್ವಪದಗಳು. ಕುಂದಗೋಳವೂ ಶಿಶುನಾಳವೂ ಹಳೆಯ ಧಾರವಾಡ ಜಿಲ್ಲೆಯ ಒಂದೇ ಸೀಮೆಯ ಊರುಗಳು. ಆ ಸೀಮೆಯ ಪದ ಮೈಸೂರಿನ ಸುತ್ತುದಾರಿ ಹಿಡಿದು ಪುಣೆಗೆ ಎರಡನೆಯ ಸಲ ಬಂದಂತಾಯಿತು. ಈ ಸಲ ಅದರ ಜೊತೆಗೆ ರಾಗದ ಜಾಮೀನು ಇರಲಿಲ್ಲ. ಹಾಗಾದರೆ ರಾಕ್ ಸಂಗೀತದ ಅಬ್ಬರದಲ್ಲಿ ತತ್ವಪದದ ಪಾಲಿಗೆ ಉಳಿದದ್ದೇನು? ಆ ಮೇಳದ ಕೈಯಲ್ಲಿ ಕನ್ನಡಕ್ಕೆ ದೊರೆತ ಸ್ಥಾನ ಯಾವುದು? ಹೊರನಾಡ ಕನ್ನಡಿಗರು ಸಂತೋಷಪಟ್ಟು ಸುಮ್ಮನಾಗುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು.

ಮೊದಲು ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕು. ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ, ಮಹಾರಾಷ್ಟ್ರದ ನಾಸಿಕದಲ್ಲಿ. ಬೆಳೆದದ್ದು, ಓದಿದ್ದು ಮೈಸೂರಿನಲ್ಲಿ. ಸೂಕ್ಷ್ಮಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ಜೊತೆಗೆ ಭರತನಾಟ್ಯದ ಅಭ್ಯಾಸ. ಗಿಟಾರ್ ಆಮೇಲೆ ಬಂದದ್ದು. ಕೆಲಕಾಲ ಬೆಲ್ಜಿಯಮ್ಮಿನಲ್ಲಿ ಉದ್ಯೋಗದಲ್ಲಿದ್ದು ಹಿಂದಿರುಗಿದರು. 1990ರ ದಶಕದ ಕೊನೆಯ ವರ್ಷಗಳಲ್ಲಿ ‘ಅಂತರಾಗ್ನಿ’ ಎಂಬ ಮೇಳ ಕಟ್ಟಿದರು. ಆ ಕಾಲದ ಬೆಂಗಳೂರಿನಲ್ಲಿ ರಾಕ್ ಮೇಳಗಳಿಗೆ ಕೊರತೆ ಇರಲಿಲ್ಲ. 1996ರಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್, 1998ರಲ್ಲಿ ಕ್ರಿಪ್ಟೋಸ್ ಹುಟ್ಟಿಕೊಂಡಿದ್ದವು. ಅವುಗಳ ಭಾಷೆ ಇಂಗ್ಲಿಷು. ರಾಕ್ ಎಂದರೆ ಇಂಗ್ಲಿಷು, ಕನ್ನಡವೆಂದರೆ ಸಿನಿಮಾ ಅಥವಾ ಭಾವಗೀತೆ ಎಂಬ ಗೆರೆ ಊರಿನ ನಡುವೆ ಹಾದುಹೋಗಿತ್ತು. ಅಂತರಾಗ್ನಿ ಆ ಗೆರೆಯನ್ನು ದಾಟಿತು. ಅದರ ಸಾಹಸವನ್ನು ಅಳೆಯುವವರು ಈ ಹಿನ್ನೆಲೆಯನ್ನು ಮರೆಯಬಾರದು.

ಅಂತರಾಗ್ನಿ 2005ರಲ್ಲಿ ಚದುರಿತು. ಆ ಬಳಿಕ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ, ವಾದಕರು ಬಂದುಹೋಗಬಹುದಾದ ತೆರೆದ ಮನೆಯಂತಹ ಏರ್ಪಾಟು ರೂಪುಗೊಂಡಿತು. ಬಯಲಾಟದ ಮೇಳಗಳನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಭಾಗವತನೊಬ್ಬ ನಿಂತಿರುತ್ತಾನೆ, ಹಿಮ್ಮೇಳ ಬದಲಾಗುತ್ತಿರುತ್ತದೆ. ಸಿನಿಮಾ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ತಮ್ಮ ಕೌಂಟರ್ ಕಲ್ಚರ್ ಸಂಸ್ಥೆಯಿಂದ 2008ರಲ್ಲಿ ಮೊದಲ ಗೀತಸಂಪುಟವನ್ನು ಹೊರತಂದರು. ಅದಕ್ಕೆ ಇಟ್ಟ ಹೆಸರೂ ‘ಅಂತರಾಗ್ನಿ’ಯೇ. 2010ರ ನವೆಂಬರಿನಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡುವ ಅವಕಾಶ ಬಂದಿತು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆ ಮೇಳವನ್ನು ವರ್ಷದ ಶ್ರೇಷ್ಠ ಹೊಸಬರೆಂದು ಗೌರವಿಸಿತು. ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವ, 2012ರಲ್ಲಿ ವಿಂಡ್ಸರಿನಲ್ಲಿ ಇಂಗ್ಲೆಂಡಿನ ರಾಣಿಯ ವಜ್ರಮಹೋತ್ಸವ. ಎರಡನೆಯ ಸಂಪುಟ ‘ಜಗ್ ಚಂಗಾ’ 2013ರಲ್ಲಿ ಬಂದಿತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೈಯಲ್ಲಿ ಗಿಟಾರ್: ಈ ವೇಷ ಅಷ್ಟರಲ್ಲಿ ಮೇಳದ ಮುದ್ರೆಯಾಗಿತ್ತು. ಗೆಜ್ಜೆ ಕಟ್ಟಿದ್ದು ವಿಲಾಯತಿಯವರ ಕಣ್ಣಿಗಾಗಿ ಎಂದು ಹಗುರವಾಗಿ ಆಡಿದವರುಂಟು. ಭರತನಾಟ್ಯ ಕಲಿತವನ ಕಾಲಿಗೆ ಗೆಜ್ಜೆ ಹೊರಗಿನಿಂದ ಬಂದದ್ದಲ್ಲ. ಆ ಆಕ್ಷೇಪಣೆಯನ್ನು ಕೈಬಿಡಬಹುದು.

ಶರೀಫರ ಪದಗಳು ಈ ಮೇಳಕ್ಕೆ ಹೇಗೆ ಬಂದವು ಎಂಬುದು ವಿಚಾರಾರ್ಹ. ಶರೀಫರು 1819ರಿಂದ 1889ರ ವರೆಗೆ ಬಾಳಿದವರು. ಮುಸಲ್ಮಾನ ಮನೆಯಲ್ಲಿ ಹುಟ್ಟಿ ಕಳಸದ ಗೋವಿಂದ ಭಟ್ಟರಿಗೆ ಶಿಷ್ಯರಾದವರು. ಅವರ ಪದಗಳು ಮಠದ ಗ್ರಂಥಭಂಡಾರದಲ್ಲಿ ಉಳಿದವಲ್ಲ, ಭಜನಾ ಮೇಳಗಳ ನಾಲಗೆಯಲ್ಲಿ ಉಳಿದವು. ಏಕತಾರಿ, ತಾಳ, ದಮ್ಮಡಿಗಳೇ ಅವುಗಳ ವಾದ್ಯ. ಅವು ಉತ್ತರ ಕರ್ನಾಟಕದಿಂದಾಚೆಗೆ ನಾಡಿನ ಸಾಮಾನ್ಯ ಆಸ್ತಿಯಾದದ್ದು ಸುಗಮ ಸಂಗೀತದ ಮೂಲಕ, ಅದರಲ್ಲಿಯೂ ಸಿ. ಅಶ್ವತ್ಥರ ಮೂಲಕ. ಟಿ. ಎಸ್. ನಾಗಾಭರಣರು 1990ರಲ್ಲಿ ತೆಗೆದ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಅಶ್ವತ್ಥರದೇ ಸಂಗೀತ. ಆ ಚಿತ್ರ ಬಂದ ಮೇಲೆ ಅವರ ಧಾಟಿಗಳು ಎಷ್ಟು ಬೇರೂರಿದುವೆಂದರೆ ಅವನ್ನೇ ಶರೀಫರ ಮೂಲ ಧಾಟಿಗಳೆಂದು ನಂಬಿದ ಮಂದಿ ಇಂದಿಗೂ ಕಡಿಮೆಯಿಲ್ಲ. ಅಶ್ವತ್ಥರು 2005ರ ಏಪ್ರಿಲಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಎಂಬ ದೊಡ್ಡ ಕಾರ್ಯಕ್ರಮ ನಡೆಸಿದರು. ಎರಡು ವರ್ಷಗಳ ಅನಂತರ, 2007ರ ಮಾರ್ಚಿನಲ್ಲಿ, ಅದೇ ಮೈದಾನದಲ್ಲಿ ಐರನ್ ಮೇಡನ್ ಎಂಬ ಇಂಗ್ಲಿಷ್ ಮೇಳ ಆರ್ಭಟಿಸಿತು. ಒಂದೇ ನೆಲದ ಮೇಲೆ ಎರಡು ಜನಸ್ತೋಮ. ಎರಡರಲ್ಲಿಯೂ ಇದ್ದ ಮುಖಗಳು ಬಹಳವಿರಲಾರವು. ಅಂತರಾಗ್ನಿಯಿಂದ ಹೊರಟ ಪ್ರಯತ್ನ ಆ ಎರಡು ಸ್ತೋಮಗಳ ನಡುವೆ ಹಾದಿ ಮಾಡುವ ಯತ್ನವಾಗಿತ್ತು.

ಇನ್ನು ಪದಗಳನ್ನೇ ನೋಡುವುದು. ಗುಡುಗುಡಿಯ ಪದ ಮೇಳಕ್ಕೆ ಹೆಸರು ತಂದಿತು. ಶರೀಫರ ಗುಡುಗುಡಿ ಬರಿಯ ಹುಕ್ಕಾ ಅಲ್ಲ. ಮನಸ್ಸು ಸಂಚಿ, ಶರೀರ ಬುರುಡೆ, ಬುದ್ಧಿ ಬೆಂಕಿ. ಸೇದಿದವನ ಒಡಲ ರೋಗ ಕಳೆಯಬೇಕು. ವಸ್ತುವಿನ ಒಂದೊಂದು ಅಂಗಕ್ಕೂ ತತ್ತ್ವದ ಒಂದೊಂದು ಅಂಗವನ್ನು ಹೊಂದಿಸುತ್ತ ಹೋಗುವ ಈ ಕ್ರಮ ತತ್ವಪದಕಾರರಿಗೆ ಪ್ರಿಯವಾದದ್ದು. ಭಜನಾ ಮೇಳದಲ್ಲಿ ಇದು ನಿಧಾನವಾಗಿ ಕಟ್ಟಿಕೊಳ್ಳುತ್ತದೆ. ಮುಂದಾಳು ಒಂದು ನುಡಿ ಹೇಳುತ್ತಾನೆ, ಹಿಮ್ಮೇಳ ಅದನ್ನು ಮರಳಿ ಹೇಳುತ್ತದೆ. ಆ ಮರುನುಡಿಯ ಬಿಡುವಿನಲ್ಲಿ ಕೇಳುವವನು ಸಂಚಿಯಿಂದ ಮನಸ್ಸಿಗೆ, ಬೆಂಕಿಯಿಂದ ಬುದ್ಧಿಗೆ ನಡೆದು ಮುಟ್ಟುತ್ತಾನೆ. ಪುನರುಕ್ತಿ ಅಲ್ಲಿ ಅರ್ಥದ ಮೆಟ್ಟಿಲು. ರಾಕ್ ಮೇಳದಲ್ಲಿಯೂ ಪುನರುಕ್ತಿ ಉಂಟು, ಕೇಳುಗರ ಮರುದನಿಯೂ ಉಂಟು. ಆದರೆ ಮರಳುವುದು ಪಲ್ಲವಿ ಮಾತ್ರ. ಚರಣಗಳು ಓಟದಲ್ಲಿ ಹಾದುಹೋಗುತ್ತವೆ, ಪಿಟೀಲಿನ ಮಿಂಚಿನಲ್ಲಿ ಮುಂದಿನ ತಿರುವು ಬಂದುಬಿಡುತ್ತದೆ. ಪಲ್ಲವಿಯನ್ನೇ ಹಿಡಿದು ಕುಣಿದವನಿಗೆ ಉಳಿಯುವುದು ಸೇದು ಎಂಬ ಆಜ್ಞೆ, ಏನನ್ನು ಸುಡಬೇಕೆಂಬ ಉಪದೇಶವಲ್ಲ. ಧೂಮಪಾನದ ಹಾಡೆಂದು ತಿಳಿದು ಆನಂದಿಸಿದ ತರುಣರಿದ್ದರೆ ಅವರನ್ನು ದೂರುವುದು ಅನ್ಯಾಯ.

ಹಾಗೆಂದಮಾತ್ರಕ್ಕೆ ಪ್ರಯೋಗ ವಿಫಲವೆನ್ನಲಾಗದು. ಈ ಪದಕ್ಕೆ ಮೇಳದವರು ಅಶ್ವತ್ಥರ ನೆರಳು ಬಿದ್ದಿರದ ಬೇರೆ ಮಟ್ಟನ್ನು ಹೊಂದಿಸಿದರು. ಅಶ್ವತ್ಥರ ಗಾಯನದಲ್ಲಿ ಶರೀಫರು ನೋವುಂಡ ಸಂತರು, ಕಂಠ ಬಿಗಿದು ಕೂಗುವವರು. ಇಲ್ಲಿಯ ಶರೀಫರು ಹಾಸ್ಯ ಬಲ್ಲ ಹಿರಿಯರು. ಶರೀಫರಲ್ಲಿ ಈ ಎರಡೂ ಉಂಟು. ಆದರೆ ಭಾವಗೀತೆಯ ಗಾಂಭೀರ್ಯ ಅವರ ಚೇಷ್ಟೆಯನ್ನು ಬಹಳ ಕಾಲ ಮರೆಮಾಡಿತ್ತು. ಲೋಕದ ಕಾಳಜಿಯ ಪದದಲ್ಲಿ ಇದು ಇನ್ನೂ ಸ್ಪಷ್ಟ. ಲೋಕದ ಚಿಂತೆಯನ್ನು ತಲೆಯ ಮೇಲೆ ಹೊತ್ತವನನ್ನು ಆ ಪದ ಕೆಣಕುತ್ತದೆ: ಮಾಡಿಕೋ ಅಪ್ಪಾ, ಬೇಡವೆಂದವರು ಯಾರು? ಆ ಕೆಣಕಿಗೆ ವೇಗ ಬೇಕು, ಮಾತಿನ ಪೆಟ್ಟು ಬೇಕು, ಸುತ್ತಲೂ ಕೇಕೆ ಹಾಕುವ ಜನ ಬೇಕು. ಇವೆಲ್ಲ ರಾಕ್ ಮೇಳದಲ್ಲಿ ಸಹಜವಾಗಿಯೇ ಇವೆ. ಈ ಪದವನ್ನು ಗಂಭೀರವಾಗಿ, ಹಾರ್ಮೋನಿಯಮ್ಮಿನ ಮುಂದೆ ಕಣ್ಣು ಮುಚ್ಚಿ ಹಾಡಿದರೆ ಅದರ ಜೀವವೇ ಹೋಗುತ್ತದೆ. ಮೇಳದ ಅತ್ಯುತ್ತಮ ಸಾಧನೆ ಇದೇ ಪದ.

ಈ ಎರಡು ಪದಗಳ ವಿಷಯದಲ್ಲಿ ಪುಣೆಯ ಕೇಳುಗರಿಗೆ ಬೆಂಗಳೂರಿನವರಿಗಿಲ್ಲದ ಒಂದು ಸೌಕರ್ಯ ಉಂಟು. ‘ಕಾಳಜಿ’ ಮರಾಠಿಯ ಮನೆಮಾತು. ‘ಗುಡುಗುಡಿ’ಯೂ ಮರಾಠಿಗರಿಗೆ ಗುಡ್ಗುಡಿಯಾಗಿ ಗೊತ್ತು. ಶರೀಫರ ಕಾಲದ ಧಾರವಾಡ ಮುಂಬಯಿ ಇಲಾಖೆಗೆ ಸೇರಿತ್ತು. ಕಚೇರಿ, ಶಾಲೆ, ಸಂತೆಗಳಲ್ಲಿ ಮರಾಠಿ ಓಡಾಡುತ್ತಿತ್ತು. ಆ ನುಡಿಬೆರಕೆ ಪದಗಳಲ್ಲಿ ಕುಳಿತಿದೆ. ಮೈಸೂರಿನ ಕೇಳುಗ ‘ಕಾಳಜಿ’ಯನ್ನು ಉತ್ತರದ ಮಾತೆಂದು ಗುರುತಿಸಿ ಸವಿಯುತ್ತಾನೆ. ಪುಣೆಯ ಮರಾಠಿ ತರುಣನಿಗೆ ಇಡೀ ಪದದಲ್ಲಿ ತಿಳಿಯುವ ಮಾತು ಅದೊಂದೇ ಇರಬಹುದು, ಮತ್ತು ಅದೇ ಪದದ ಕೀಲಿಮಾತು. ಹಳೆಯ ಮುಂಬಯಿ ಇಲಾಖೆಯ ನುಡಿ ಹೀಗೆ ತನ್ನ ಹಳೆಯ ಸೀಮೆಯಲ್ಲಿಯೇ ಕೇಳುಗರನ್ನು ಪಡೆದದ್ದು ಸ್ವಾರಸ್ಯವಾದ ಸಂಗತಿ.

ಸೋರುವ ಮಾಳಿಗೆಯ ಪದದಲ್ಲಿ ಮಾತ್ರ ಸೀಮೆಯ ಅಂತರ ತೊಡಕಾಗುತ್ತದೆ. ಮೈಸೂರಿನವರಿಗೆ ಮಾಳಿಗೆ ಎಂದರೆ ಮಹಡಿ. ಧಾರವಾಡ, ವಿಜಾಪುರಗಳ ಹಳ್ಳಿಗಳಲ್ಲಿ ಅದು ತೊಲೆ ಜಂತೆಗಳ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಚಾವಣಿ. ಮಳೆಗೆ ಮುನ್ನ ಅದರ ಮಣ್ಣನ್ನು ನೋಡಿಕೊಳ್ಳದಿದ್ದರೆ ಆಷಾಢದಲ್ಲಿ ಮನೆಯೊಳಗೇ ಹಳ್ಳ. ಈ ವಾರ್ಷಿಕ ಕರ್ತವ್ಯವನ್ನು ಅಲಕ್ಷಿಸಿದ ಒಕ್ಕಲಿಗನ ಕಳವಳವೇ ದೇಹವೆಂಬ ಮನೆಯನ್ನು ಅಲಕ್ಷಿಸಿದವನ ಕಳವಳಕ್ಕೆ ಉಪಮಾನ. ಗಾಯಕ ‘ಮನಿ’, ‘ಮಾಳಿಗಿ’ ಎಂಬ ಉತ್ತರದ ರೂಪಗಳನ್ನು ಉಳಿಸಿಕೊಂಡಿದ್ದಾನೆ, ಅದು ಶ್ಲಾಘ್ಯ. ರೂಪ ಉಳಿಯಿತು, ಒತ್ತು ಉಳಿಯಲಿಲ್ಲ. ಧಾರವಾಡದ ಹೆಂಗಸು ‘ಮಾಳಿಗಿ’ ಎನ್ನುವಾಗ ಕೊನೆಯ ಸ್ವರ ಗಿಡ್ಡಗೆ ಕಡಿದುಬೀಳುತ್ತದೆ. ಇಲ್ಲಿ ಅದು ಎಳೆದಾಡಿ ಮಧುರವಾಗುತ್ತದೆ. ಮಾಧುರ್ಯ ಗೆದ್ದಿತು, ಕಳವಳ ಹಿಂದೆ ಸರಿಯಿತು. ಪುಣೆಯ ಕನ್ನಡಿಗರಲ್ಲಿ ಬಹುಸಂಖ್ಯೆಯವರು ಉತ್ತರದ ಜಿಲ್ಲೆಗಳಿಂದ ಬಂದವರಾದ್ದರಿಂದ ಈ ಕೊರತೆ ಇಲ್ಲಿಯವರ ಕಿವಿಗೆ ಬೇಗ ತಟ್ಟುತ್ತದೆ.

ಕೋಡಗವನ್ನು ಕೋಳಿ ನುಂಗಿದ ಪದದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಬೆಡಗಿನ ಪದ. ಕನ್ನಡ ಬಲ್ಲವನಿಗೂ ಮೊದಲ ಕೇಳಿಕೆಯಲ್ಲಿ ದೊರೆಯುವುದು ಬೆರಗೊಂದೇ. ಅರ್ಥ ತಿಳಿಯದೆ ಬೆರಗಾಗುವ ಹಕ್ಕು ಎಲ್ಲ ಭಾಷೆಯವರಿಗೂ ಸಮನಾಗಿರುವುದರಿಂದ ಪರಭಾಷೆಯ ಕೇಳುಗ ಇಲ್ಲಿ ಕಳೆದುಕೊಳ್ಳುವುದು ಅತ್ಯಲ್ಪ.

ವೇದಿಕೆಯ ಮೇಲೆ ಹಾಡಿನ ನಡುನಡುವೆ ರಘು ದೀಕ್ಷಿತ್ ಪದದ ಆಶಯವನ್ನು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಬಿಡಿಸಿ ಹೇಳುವುದುಂಟು. ಇದನ್ನು ವ್ಯಾಪಾರದ ಮಾತೆಂದು ಕಡೆಗಣಿಸುವುದು ತಪ್ಪು. ಹರಿಕಥೆಯಲ್ಲಿ ದಾಸರು ಪದ ಹೇಳಿ ಅರ್ಥ ಬಿಡಿಸುತ್ತಾರೆ. ಮರಾಠಿ ಕೀರ್ತನಕಾರನೂ ಅದನ್ನೇ ಮಾಡುತ್ತಾನೆ. ಭೀಮಸೇನರು ಅರ್ಥ ಹೇಳಲಿಲ್ಲ, ಅವರಿಗೆ ಹೇಳಬೇಕಾಗಿರಲಿಲ್ಲ. ರಾಗದ ಜಾಮೀನಿಲ್ಲದ ಮೇಳ ಕೀರ್ತನಕಾರನ ಪದ್ಧತಿಯನ್ನು ಆಶ್ರಯಿಸಬೇಕಾಯಿತು.

ಇಷ್ಟು ಗಾಯನದ ಮಾತಾಯಿತು. ಇನ್ನು ‘ಸ್ವತಂತ್ರ ಮೇಳ’ ಎಂಬ ಬಿರುದಿನ ವಿಚಾರ. ಸಿನಿಮಾದ, ದೊಡ್ಡ ಕಂಪೆನಿಗಳ ಹಂಗಿಲ್ಲದೆ ತನ್ನ ಹಾಡನ್ನು ತಾನೇ ಕಟ್ಟಿ ಹಾಡುವ ಮೇಳಕ್ಕೆ ಈ ಹೆಸರು ಸಲ್ಲುತ್ತದೆ. ಜಮಾ ಖರ್ಚಿನ ಪುಸ್ತಕ ತೆರೆದು ನೋಡಿದರೆ ಸ್ವಾತಂತ್ರ್ಯ ಅಷ್ಟು ನಿರ್ಮಲವಾಗಿ ಕಾಣದು. ಮೊದಲ ಸಂಪುಟ ಹೊರತಂದವರು ಹಿಂದಿ ಸಿನಿಮಾದ ಸಂಗೀತಗಾರರು. ಅದೇ 2008ರಲ್ಲಿ ರಘು ದೀಕ್ಷಿತ್ ‘ಸೈಕೋ’ ಎಂಬ ಕನ್ನಡ ಚಿತ್ರಕ್ಕೆ ಸಂಗೀತ ಕೊಟ್ಟರು. ಅದರ ಮಹದೇಶ್ವರನ ಹಾಡು ಕರ್ನಾಟಕದ ಮನೆಮನೆಗೂ ಹೋಯಿತು. 2010ರಲ್ಲಿ ‘ಜಸ್ಟ್ ಮಾತ್ ಮಾತಲ್ಲಿ’, ಮರುವರ್ಷ ಒಂದು ಹಿಂದಿ ಚಿತ್ರ, 2020ರಲ್ಲಿ ‘ಲವ್ ಮಾಕ್‌ಟೇಲ್’. ರಾಕ್ ಮೇಳದ ಗೃಹಕೃತ್ಯ ಸಿನಿಮಾದ ಆದಾಯವಿಲ್ಲದೆ ಸಾಗುವುದು ಕಷ್ಟ. ಇದು ದೋಷವಲ್ಲ, ವಸ್ತುಸ್ಥಿತಿ. ರಂಗಭೂಮಿಯ ಕಂಪೆನಿಗಳೂ ಪೌರಾಣಿಕ ನಾಟಕದ ಗಲ್ಲೆಯಿಂದ ಸಾಮಾಜಿಕ ನಾಟಕದ ನಷ್ಟವನ್ನು ತುಂಬಿಕೊಂಡವುಗಳೇ.

ಇದೇ ಪುಸ್ತಕದಲ್ಲಿ ಇನ್ನೊಂದು ಬಾಬು ಇದೆ. ಅದನ್ನು ವಿಮರ್ಶಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆ ಈಗ ಇರುವ ರೂಪದಲ್ಲಿ ಕವಿಯ ಮರಣಾನಂತರ 60 ವರ್ಷಗಳವರೆಗೆ ಕೃತಿಯ ಹಕ್ಕನ್ನು ಕಾಯುತ್ತದೆ. 1889ರಲ್ಲಿ ತೀರಿಕೊಂಡ ಶರೀಫರ ಪದಕ್ಕೆ ಅನುಮತಿ ಬೇಡ, ಸಂಭಾವನೆ ಬೇಡ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಪದವೀಧರರಾದ ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕವಿತೆಗಳಿಗೆ 2041ರ ಕೊನೆಯವರೆಗೆ ಹಕ್ಕುಂಟು. ಕುವೆಂಪು ಅವರವಕ್ಕೆ 2054ರ ಕೊನೆಯವರೆಗೆ. ಕೈಯಲ್ಲಿ ಕಾಸಿಲ್ಲದ ತರುಣ ಮೇಳವೊಂದು ಹಳೆಯ ಸಂತನ ಬಳಿಗೆ ಹೋಗುವುದಕ್ಕೆ ಭಕ್ತಿಯ ಜೊತೆಗೆ ಈ ಕಾರಣವೂ ಇರುತ್ತದೆ. ಮುಂಬಯಿಯ ಅಭಂಗ ರೀಪೋಸ್ಟ್ ಎಂಬ ಮೇಳ ಮರಾಠಿ ಅಭಂಗಗಳನ್ನು ಗಿಟಾರಿಗೆ ಏರಿಸಿತು, ದೆಹಲಿಯ ಇಂಡಿಯನ್ ಓಷನ್ 2000ದ ‘ಕಂದೀಸಾ’ ಸಂಪುಟಕ್ಕೆ ಕ್ರೈಸ್ತರ ಪುರಾತನ ಸ್ತೋತ್ರದ ಹೆಸರನ್ನೇ ಇಟ್ಟಿತು. ಬಂಡವಾಳವಿಲ್ಲದವನಿಗೆ ಪರಂಪರೆಯೇ ಬಂಡವಾಳ.

ಇದರಿಂದ ಆದ ಒಂದು ಪರಿಣಾಮ ಮಾತ್ರ ಚಿಂತೆಗೆ ಎಡೆಮಾಡುತ್ತದೆ. ‘ಅಂತರಾಗ್ನಿ’ ಸಂಪುಟದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇವೆ. ಮೂರಿಗೂ ಹಂಚಿದ ಕೆಲಸ ಬೇರೆ ಬೇರೆ. ಪ್ರೇಮವನ್ನು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ನಿವೇದಿಸಲಾಗಿದೆ. ದೇವರಿಗೆ ಮೊರೆಯಿಟ್ಟದ್ದು ಹಿಂದಿಯಲ್ಲಿ. ಮೈಸೂರಿನಿಂದ ಬಂದ ಹುಡುಗಿಯನ್ನು ಬಣ್ಣಿಸುವ ಹಾಡೂ ಹಿಂದಿಯಲ್ಲಿಯೇ ಇದೆ! ಕನ್ನಡಕ್ಕೆ ಉಳಿದದ್ದು ಸಂತನ ವಾಣಿ. ಎರಡನೆಯ ಸಂಪುಟ ಬಂದ ಮೇಲೆಯೂ ಮೇಳದ ಕನ್ನಡ ಹಾಡುಗಳಲ್ಲಿ ಜನರ ಮನಸ್ಸಿನಲ್ಲಿ ನಿಂತವು ಬಹುಪಾಲು ಶರೀಫರವೇ. ರಘುವಿನ ತಮ್ಮ ವಾಸು ದೀಕ್ಷಿತ್ ಮುಂದಾಳಾಗಿ 2002ರಿಂದ ಬೆಂಗಳೂರಿನಲ್ಲಿ ನಡೆದುಬಂದ ‘ಸ್ವರಾತ್ಮ’ ಮೇಳದಲ್ಲಿ ಈ ವಿಪರ್ಯಾಸ ಇನ್ನೂ ತೀಕ್ಷ್ಣ. ಅವರ ‘ಪ್ಯಾಸಿ’ ಎಂಬ ಹಾಡಿನಲ್ಲಿ ಕಾವೇರಿ ನದಿಯೇ ತನ್ನ ನೀರಿನ ಜಗಳವನ್ನು ಕಂಡು ಅಳಲುತ್ತಾಳೆ. ಅಳುವ ಭಾಷೆ ಹಿಂದಿ. ಕನ್ನಡಿಗನಿಗೂ ತಮಿಳನಿಗೂ ಸೇರದ ಮೂರನೆಯ ಭಾಷೆಯಲ್ಲಿ ನದಿ ಮಾತಾಡಿದರೆ ಪಕ್ಷಪಾತದ ಅಪವಾದ ಬಾರದೆಂದು ವಾದಿಸಬಹುದು. ಆ ವಾದದಲ್ಲಿ ಬುದ್ಧಿಯಿದೆ. ಆದರೆ ತಲಕಾವೇರಿಯಿಂದ ಪೂಂಪುಹಾರಿನವರೆಗೆ ಹರಿಯುವ ದಾರಿಯಲ್ಲೆಲ್ಲೂ ಆ ನದಿಗೆ ಹಿಂದಿ ಕೇಳಿಸುವುದಿಲ್ಲ.

ಮಾರುಕಟ್ಟೆ ವಿಶಾಲವಾದಲ್ಲಿ ಹಿಂದಿ ಬರುವುದು ಅನಿವಾರ್ಯವೆಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರ ಪೂರ್ತಿ ನಿಜವಲ್ಲವೆಂಬುದಕ್ಕೆ ಈ ಮೇಳದ ಚರಿತ್ರೆಯೇ ಸಾಕ್ಷಿ. ಹಿಂದಿ ಬಾರದ ಇಂಗ್ಲೆಂಡಿನ ಬಯಲಿನಲ್ಲಿ ಹಿಂದಿಯೂ ಒಂದೇ, ಕನ್ನಡವೂ ಒಂದೇ. ಅಲ್ಲಿ ಶರೀಫರು ಹಿಂದಿಯ ಹಾಡುಗಳಿಗಿಂತ ಕಡಿಮೆಯಾಗಿ ನಿಲ್ಲಲಿಲ್ಲ. ಕೇರಳದ ‘ಅವಿಯಲ್’ ಮೇಳ ಇದೇ 2008ರಲ್ಲಿ ಹೊರತಂದ ತನ್ನ ಮೊದಲ ಸಂಪುಟವನ್ನು ಪೂರ್ತಿ ಮಲಯಾಳದಲ್ಲಿಯೇ ಹಾಡಿತು, ಮಲಯಾಳ ಬಾರದ ಊರುಗಳಲ್ಲಿಯೂ ಕೇಳುಗರನ್ನು ಗಳಿಸಿತು. ಅದಕ್ಕೂ ಬಹಳ ಹಿಂದೆ, 1970ರ ದಶಕದಲ್ಲಿ, ಕಲ್ಕತ್ತೆಯ ‘ಮೊಹೀನೇರ್ ಘೋಡಾಗುಲಿ’ ಎಂಬ ಮೇಳ ತನ್ನ ನಗರದ ಬೇಸರ, ಒಂಟಿತನ, ಕೋಪಗಳಿಗೆ ಹೊಸ ಬಂಗಾಳಿ ಹಾಡುಗಳನ್ನು ಬರೆದುಕೊಂಡಿತು. ಅದರ ಮೊದಲ ಧ್ವನಿಮುದ್ರಿಕೆ ಬಂದದ್ದು 1977ರಲ್ಲಿ. ಆಗ ಕೊಂಡವರು ಕೆಲವರೇ. ಬಂಗಾಳಿ ಮೇಳಗಳ ಮುಂದಿನ ತಲೆಮಾರು ಆ ಕೆಲವರ ಮನೆಯಿಂದಲೇ ಹೊರಟಿತು ಎನ್ನಬಹುದು. ನಗರದ ಬಾಳನ್ನು ಮನೆಯ ಭಾಷೆಯಲ್ಲಿ ಹಾಡಲು ಅಲ್ಲಿಯವರು ಸಂತನಿಗಾಗಿ ಕಾಯಲಿಲ್ಲ.

ಕನ್ನಡದಲ್ಲಿ ಅಂಥ ಪ್ರಯತ್ನ ಇಲ್ಲವೇ ಇಲ್ಲವೆನ್ನಲಾಗದು. ಸ್ವರಾತ್ಮ 2009ರ ತನ್ನ ಸಂಪುಟದಲ್ಲಿ ‘ಈ ಭೂಮಿ’ ಎಂಬ ಕನ್ನಡ ಹಾಡನ್ನು ಸ್ವಂತವಾಗಿ ಕಟ್ಟಿತು. ಅದರ ಮಾತು ಸರಳ. ಶರೀಫರ ಪಕ್ಕದಲ್ಲಿಟ್ಟರೆ ಬಡವೆಂದೂ ತೋರಬಹುದು. ಆದರೆ ಅದು ಬದುಕಿರುವವರ ಮಾತು, ತಪ್ಪಾದರೆ ತಿದ್ದಿಕೊಳ್ಳಬಹುದಾದ ಮಾತು. ‘ಸೈಕೋ’ ಚಿತ್ರದ ಮಹದೇಶ್ವರನ ಹಾಡೂ ಈ ದೃಷ್ಟಿಯಿಂದ ಗಮನಾರ್ಹ. ಕಂಸಾಳೆಯವರ ದೈವವನ್ನು ನೆನೆದು, ಹರಕೆಯ ಧಾಟಿಯಲ್ಲಿ ಇಂದಿನ ತರುಣನೊಬ್ಬನ ಪ್ರೇಮದ ಪೇಚನ್ನು ಹೇಳುವ ಆ ಹಾಡಿನಲ್ಲಿ ಹಳೆಯ ಅಚ್ಚು ಹೊಸ ಲೋಹವನ್ನು ತಾಳಿಕೊಂಡಿದೆ. ಸ್ವತಂತ್ರ ಮೇಳ ತನ್ನ ಸ್ವಂತ ಸಂಪುಟದಲ್ಲಿ ಮಾಡದ ಕೆಲಸವನ್ನು ಅದರ ನಾಯಕ ಸಿನಿಮಾದ ಹಂಗಿನಲ್ಲಿ ಮಾಡಿದರು.

ಶರೀಫರಾದರೂ ತಮ್ಮ ಕಾಲದಲ್ಲಿ ಹಳೆಯದನ್ನೇ ಹಾಡಿಕೊಂಡು ಕುಳಿತವರಲ್ಲ. ಹತ್ತಿಯ ಸೀಮೆಗೆ ಆವಿಯಂತ್ರದ ಗಿರಣಿ ಬಂದಾಗ ಅದರ ಮೇಲೆಯೇ ಪದ ಕಟ್ಟಿದರು. ಚಕ್ರ, ಪಟ್ಟೆ, ನೂಲುಗಳಲ್ಲಿಯೇ ಅವರಿಗೆ ಯೋಗಮಾರ್ಗ ಕಂಡಿತು. ಹುಕ್ಕಾ, ಮಾಳಿಗೆ, ಗಿರಣಿ, ಇವು ಅವರ ಕಣ್ಣೆದುರಿನ ವಸ್ತುಗಳು. ಅವರ ಪದ ಹಾಡುವ ಮೇಳಗಳ ಕಣ್ಣೆದುರಿನ ವಸ್ತುಗಳು ಬೇರೆ. ಹಿಂಜೇವಾಡಿಯ ಗಣಕಯಂತ್ರದ ಕಚೇರಿಗಳಿಂದ ರಾತ್ರಿ ಹೊರಬೀಳುವ ಹುಬ್ಬಳ್ಳಿ, ಕಲಬುರಗಿಗಳ ಹುಡುಗರು ಕಿವಿಗೆ ಸಿಕ್ಕಿಸಿಕೊಂಡ ಯಂತ್ರದಲ್ಲಿ ಲೋಕದ ಕಾಳಜಿಯ ಪದವನ್ನು ಕೇಳುತ್ತಾರೆ. ಆ ಬಸ್ಸು, ಆ ಬಾಡಿಗೆಯ ಕೋಣೆ, ತಿಂಗಳ ಕೊನೆಯ ಸಾಲದ ಕಂತು ಇವುಗಳ ಮೇಲೆ ಗಿರಣಿಯ ಪದದಂತಹ ಒಂದು ಪದ ಕನ್ನಡದಲ್ಲಿ ಬಂದರೆ ಅದಕ್ಕೆ ಹಿಮ್ಮೇಳ ನುಡಿಸಲು ಗಿಟಾರಿನವರು, ಡ್ರಮ್ಸಿನವರು ಬೆಂಗಳೂರಿನಲ್ಲಿಯೂ ಪುಣೆಯಲ್ಲಿಯೂ ಸಿದ್ಧರಾಗಿಯೇ ಇದ್ದಾರೆ.